ನನ್ನ ಭಾವಮೈದನ ‘ಆಯ್ತು’

ನನ್ನ ಹೆಂಡತಿಯ ತಮ್ಮನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇದೆ. ಅದು ಅವನ ಆಫೀಸಿನ ಗುರುತಿನ ಚೀಟಿಯಲ್ಲಿ ಮಾತ್ರ ಉಳಿದುಕೊಂಡಿದೆ. ನಮ್ಮ ಮನೆಯಲ್ಲಿ, ಅವನ ಆಫೀಸಿನಲ್ಲಿ, ಅವನು ಬಾಡಿಗೆಗಿರುವ ಓಣಿಯಲ್ಲಿ, ಎಲ್ಲ ಕಡೆ ಅವನು ಆಯ್ತಪ್ಪ. ಯಾರು ಏನು ಕೇಳಿದರೂ ‘ಆಯ್ತಪ್ಪ’ ಅನ್ನುತ್ತಾನೆ, ಅದಕ್ಕೆ. ಹೆಸರಿಟ್ಟವನು ನಾನೇ. ಭಾವನಾದವನಿಗೆ ಅಷ್ಟೂ ಹಕ್ಕಿಲ್ಲದಿದ್ದರೆ ಹೇಗೆ?

ಹಾಗಂತ ಅವನನ್ನು ದಡ್ಡ ಅಂದುಕೊಳ್ಳಬೇಡಿ. ಪ್ರೋಗ್ರಾಮ್ ಬರೆಯುವುದರಲ್ಲಿ ಪಳಗಿದ ಕೈ. ದೊಡ್ಡ ದೊಡ್ಡ ಗೋದಾಮುಗಳಲ್ಲಿ ಯಾವ ಪೆಟ್ಟಿಗೆ ಎಲ್ಲಿದೆ ಅಂತ ಕೂತಲ್ಲೇ ತೋರಿಸುವ ಪ್ರೋಗ್ರಾಮ್ ಅವನದು. ಆದರೆ ‘ಬೇಡ’, ‘ಆಗಲ್ಲ’ ಅನ್ನುವ ಮಾತು ಮಾತ್ರ ಅವನ ಬಾಯಲ್ಲಿ ಹುಟ್ಟಲೇ ಇಲ್ಲ. ಮೇಲಿನ ಮನೆಯ ಅಜ್ಜಿಯ ಫೋನು ಸರಿ ಮಾಡಬೇಕೇ? ಆಯ್ತು. ಮ್ಯಾನೇಜರಿಗೆ ಸೋಮವಾರ ಬೇಕಾದದ್ದು ಶುಕ್ರವಾರವೇ ಬೇಕೇ? ಆಯ್ತು. ಒಪ್ಪಿಕೊಂಡದ್ದರಲ್ಲಿ ಅರ್ಧ ಕೆಲಸ ಆಗುತ್ತದೆ, ಇನ್ನರ್ಧ ಅವನ ತಲೆಯೊಳಗೆ ಸಾಲುಗಟ್ಟಿ ನಿಂತಿರುತ್ತದೆ. ಕೇಳಿದವರು ಮಾತ್ರ ಆಯ್ತಲ್ಲ ಅಂತ ನೆಮ್ಮದಿಯಾಗಿ ಮಲಗುತ್ತಾರೆ.

ಮದುವೆಯ ಕಥೆಯೂ ಅದೇ. ‘ನನ್ನ ಮದುವೆ ಆಗ್ತೀಯಾ’ ಅಂತ ಕೇಳಿದ್ದು ಹುಡುಗಿಯೇ. ಇವನು ‘ಆಯ್ತು’ ಅಂದ. ಇವನು ಮನಸಾರೆ ಒಪ್ಪಿದ್ದೋ, ಕೇಳಿದವರಿಗೆ ಬೇಡ ಅನ್ನಲಾಗದೆ ಒಪ್ಪಿದ್ದೋ ಅಂತ ಆ ಹುಡುಗಿಗೆ ಮೊದಲ ಮಗು ಹುಟ್ಟುವವರೆಗೂ ಅನುಮಾನವಿತ್ತಂತೆ. ಈಗ ಇಬ್ಬರು ಮಕ್ಕಳು. ಅನುಮಾನ ತೀರಿರಬೇಕು.

ನಮ್ಮದು ಬೇಕರಿ. ಮುಂದೆ ಕೌಂಟರಿನಲ್ಲಿ ನನ್ನ ಹೆಂಡತಿ, ಹಿಂದೆ ಒಲೆಯ ಮುಂದೆ ನಾನು, ನಡುವೆ ಒಂದು ಗೋಡೆ, ಗೋಡೆಯಲ್ಲೊಂದು ಇಕ್ಕಟ್ಟಾದ ಬಾಗಿಲು. ಅಂಗಡಿ ಅವಳದು. ಮದುವೆಗೆ ಮೊದಲೇ ಅವಳು ಕಟ್ಟಿ ನಿಲ್ಲಿಸಿದ್ದು, ನಾನು ಆಮೇಲೆ ಬಂದು ಸೇರಿಕೊಂಡವನು. ಮೊದಲೆಲ್ಲ ಆರ್ಡರ್ ಬಂದರೆ ಅವಳು ಅಲ್ಲಿಂದ ಕೂಗುತ್ತಿದ್ದಳು, ನಾನು ಇಲ್ಲಿಂದ ತಪ್ಪಾಗಿ ಕೇಳಿಸಿಕೊಳ್ಳುತ್ತಿದ್ದೆ. ಬನ್ನು ಅಂದದ್ದು ನನಗೆ ಬ್ರೆಡ್ಡು ಅಂತ ಕೇಳಿಸುತ್ತಿತ್ತು. ಆಮೇಲೆ ಯಾರ ಕಿವಿ ಸರಿ ಇಲ್ಲ ಅನ್ನುವ ಜಗಳ. ಇದನ್ನು ನೋಡಿ ನೋಡಿ ಸಾಕಾದ ಭಾವಮೈದ ಒಂದು ಪ್ರೋಗ್ರಾಮ್ ಬರೆದುಕೊಟ್ಟ. ಕೌಂಟರಿನಲ್ಲೊಂದು ಪರದೆ, ಒಲೆಯ ಪಕ್ಕದ ಗೋಡೆಯ ಮೇಲೊಂದು ಪರದೆ. ಅವಳು ಅಲ್ಲಿ ಆರ್ಡರ್ ಒತ್ತಿದರೆ ಅವಳ ಪರದೆಯಲ್ಲಿ ಹಸಿರು ಅಕ್ಷರದಲ್ಲಿ ‘ಆಯ್ತು’ ಅಂತ ಬರುತ್ತದೆ, ನನ್ನ ಪರದೆಯಲ್ಲಿ ಆರ್ಡರ್ ಬರುತ್ತದೆ. ಕೇಕಿನ ಮೇಲೆ ಫೋಟೋ ಬೇಕು ಅನ್ನುವವರ ಫೋಟೋವನ್ನೂ ಅದೇ ಪ್ರೋಗ್ರಾಮ್ ಕತ್ತರಿಸಿ, ತಿನ್ನಬಹುದಾದ ಸಕ್ಕರೆ ಹಾಳೆಯ ಪ್ರಿಂಟರಿಗೆ ಕಳಿಸುತ್ತದೆ. ನಮ್ಮ ಮನೆಯಲ್ಲಿ ಶಾಂತಿ ನೆಲೆಸಿತು.

ಅಷ್ಟರಲ್ಲಿ ಎದುರಿಗೆ ಗಾಜಿನ ಬಾಗಿಲಿನ ದೊಡ್ಡ ಅಂಗಡಿ ಬಂತು. ಅಲ್ಲಿ ಸೋಪಿನ ಪಕ್ಕದಲ್ಲೇ ಬ್ರೆಡ್ಡೂ ಸಿಗುತ್ತದೆ. ನಮ್ಮ ಗಿರಾಕಿಗಳು ಒಬ್ಬೊಬ್ಬರಾಗಿ ರಸ್ತೆ ದಾಟಿದರು. ಕೆಲವರು ನಮ್ಮ ಕಣ್ಣು ತಪ್ಪಿಸಿ ದಾಟುತ್ತಿದ್ದರು, ಅದು ಇನ್ನೂ ಬೇಜಾರು. ಅಂಗಡಿ ಮುಚ್ಚಬೇಕಾದೀತು ಅಂತ ನಾವಿಬ್ಬರೂ ಬಾಯಿಬಿಟ್ಟು ಹೇಳದೆ ಓಡಾಡುತ್ತಿದ್ದಾಗ ಪಕ್ಕದ ರಸ್ತೆಯ ಆಸ್ಪತ್ರೆಯಿಂದ ಕರೆ ಬಂತು. ಅಲ್ಲಿನ ಅಡುಗೆಮನೆ ನೋಡಿಕೊಳ್ಳುವ ಮೇಡಂ ರೋಗಿಗಳಿಗೆ ದಿನಾ ಬ್ರೆಡ್ ಬೇಕು ಅಂದರು, ಅದರಲ್ಲಿ ಒಂದಿಷ್ಟು ಉಪ್ಪಿಲ್ಲದ್ದು. ಒಂದು ತಿಂಗಳು ನೋಡುತ್ತೇನೆ, ಸರಿ ಬಂದರೆ ಕಾಯಂ ಅಂದರು. ಅದು ಸಿಕ್ಕರೆ ಅಂಗಡಿ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ. ನನ್ನ ಹೆಂಡತಿ ಫೋನಿಟ್ಟು ಕೌಂಟರನ್ನು ಎರಡೆರಡು ಸಲ ಒರೆಸಿದಳು.

ಮೊದಲ ವಾರವೇ ಎಡವಟ್ಟಾಯಿತು. ಒಂದು ದಿನ ಆಸ್ಪತ್ರೆಯ ವ್ಯಾನು ಬಂದು ನಿಂತಿತು, ಡ್ರೈವರ್ ಉಪ್ಪಿಲ್ಲದ ಬ್ರೆಡ್ ಎಲ್ಲಿ ಅಂದ. ನಾನು ಯಾವ ಬ್ರೆಡ್ ಅಂದೆ.

“ರೀ, ಬೆಳಿಗ್ಗೆನೇ ಕಳಿಸಿದ್ದೀನಲ್ಲ!” ಅಂತ ನನ್ನವಳು ಬಾಗಿಲಲ್ಲಿ ತಲೆ ತೂರಿಸಿದಳು.

“ನನಗೆ ಬಂದಿಲ್ಲ ಕಣೇ.”

“ಆಯ್ತು ಅಂತ ಬಂತು. ನನ್ನ ಕಣ್ಣಾರೆ ನೋಡಿದ್ದೀನಿ.”

“ನಿನಗೆ ಆಯ್ತು ಅಂತ ಬಂದ್ರೆ ನನ್ನ ಒಲೆಯಲ್ಲಿ ಬ್ರೆಡ್ ಬೇಯುತ್ತಾ?”

ಡ್ರೈವರ್ ಒಮ್ಮೆ ಅವಳ ಮುಖ, ಒಮ್ಮೆ ನನ್ನ ಮುಖ ನೋಡಿದ. ಉಪ್ಪಿಲ್ಲದ ಹಿಟ್ಟನ್ನು ಬೇರೆಯಾಗಿಯೇ ಕಲಸಿ ಉಬ್ಬಲು ಬಿಡಬೇಕು, ಕಪಾಟಿನಿಂದ ಬೇರೇನನ್ನೋ ತೆಗೆದುಕೊಟ್ಟು ಪಾರಾಗುವಂತಿಲ್ಲ. ವ್ಯಾನು ಅರ್ಧ ಖಾಲಿಯಾಗಿಯೇ ಹೋಯಿತು. ನನ್ನ ಹೆಂಡತಿ ಏಪ್ರನ್ ಬಿಚ್ಚದೆ ಆಸ್ಪತ್ರೆಗೆ ಓಡಿದಳು. ವಾಪಸ್ ಬಂದಾಗ ಮುಖ ಸಪ್ಪಗಾಗಿತ್ತು.

“ಏನಂದ್ರು?”

“ಈ ಸಲ ಹೊಟ್ಟೆಗೆ ಹಾಕ್ಕೋತೀನಿ, ಇನ್ನೊಂದ್ಸಲ ಹೀಗಾದ್ರೆ ಬೇರೆಯವರನ್ನ ನೋಡ್ಕೋತೀನಿ ಅಂದ್ರು.”

ಆಮೇಲಿನ ದಿನಗಳಲ್ಲಿ ಅವಳು ಆರ್ಡರನ್ನು ಪರದೆಯಲ್ಲೂ ಒತ್ತಿ, ಬಾಗಿಲಿಗೆ ಬಂದು ಬಾಯಲ್ಲೂ ಕೂಗತೊಡಗಿದಳು. ಅವಳು ಸುಳ್ಳು ಹೇಳುತ್ತಿದ್ದಾಳೆ ಅಂತ ನಾನು, ನಾನು ಮರೆತು ನಾಟಕ ಮಾಡುತ್ತಿದ್ದೇನೆ ಅಂತ ಅವಳು. ಊಟಕ್ಕೆ ಕೂತರೆ ಪಲ್ಯ ಬೇಕಾ ಅಂತ ಗೋಡೆಯನ್ನು ನೋಡಿಕೊಂಡು ಕೇಳುತ್ತಿದ್ದಳು.

ಭಾನುವಾರ ಮಧ್ಯಾಹ್ನ ಅಂಗಡಿ ಮುಚ್ಚಿದ ಮೇಲೆ ಭಾವಮೈದನನ್ನು ಕರೆಸಿದೆವು. ಅವನು ಮೈದಾ ಹಿಟ್ಟಿನ ಡಬ್ಬ ಬೋರಲು ಹಾಕಿಕೊಂಡು, ಅದರ ಮೇಲೆ ಕೂತು, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡ. ಅವನ ಅಕ್ಕ ಕೌಂಟರಿನಿಂದ ಒತ್ತಿದಳು, ನನಗೆ ಬಂತು. ಮತ್ತೆ ಒತ್ತಿದಳು, ಮತ್ತೆ ಬಂತು.

“ಸರಿಯಾಗೇ ಇದೆಯಲ್ಲಕ್ಕ.”

“ಹಾಗಾದ್ರೆ ನಾನೇ ಸುಳ್ಳಿ, ಅಲ್ವಾ?”

“ಅಯ್ಯೋ ಹಾಗಲ್ಲ. ಆವತ್ತು ಬೇರೆ ಏನಾದ್ರೂ ಆಗಿತ್ತಾ, ಸ್ವಲ್ಪ ಯೋಚನೆ ಮಾಡು.”

ಅವಳು ಹುಬ್ಬು ಗಂಟಿಕ್ಕಿ ನಿಂತಳು. ಆವತ್ತು ಬೆಳಿಗ್ಗೆ ಒಂದು ಶಾಲೆಯವರ ಆರ್ಡರ್ ಇತ್ತು, ಬೇರೆ ಊರಿಗೆ ವರ್ಗವಾಗಿ ಹೋಗುವ ಟೀಚರಿಗೆ ಕೊಡಲು ಪುಟ್ಟ ಪುಟ್ಟ ಕೇಕುಗಳ ಮೇಲೆ ಒಂದೊಂದು ಮಗುವಿನ ಮುಖ. ಫೋಟೋ ಕಳಿಸುತ್ತಲೇ ಇದ್ದಳಂತೆ. ಮಧ್ಯದಲ್ಲಿ ಪ್ರಿಂಟರಿನ ಸಕ್ಕರೆ ಹಾಳೆ ಮುಗಿದುಹೋಗಿದ್ದು ಬಹಳ ಹೊತ್ತಿನ ಮೇಲೆ ಗೊತ್ತಾಗಿತ್ತಂತೆ.

ಭಾವಮೈದನ ಕೈ ನಿಂತುಬಿಟ್ಟಿತು. ಲ್ಯಾಪ್‌ಟಾಪಿನಲ್ಲಿ ಎಲ್ಲೋ ಕೆಳಗೆ ಹೋಗಿ ಒಂದು ಕಡೆ ನೋಡಿದ. ಕಿವಿ ಕೆಂಪಗಾಯಿತು.

“ಏನೋ ಅದು, ನಮಗೂ ಹೇಳು” ಅಂದೆ.

ಅವನು ಥ್ರೆಡ್ಡು ಅಂದ. ಬಿಡಿಸಿ ಹೇಳಿದ ಮೇಲೆ ನನಗೆ ಅದು ಆಳು ಅಂತ ಅರ್ಥವಾಯಿತು. ಕೌಂಟರಿನಲ್ಲಿ ಅಕ್ಕ ಕಾಯಬಾರದು ಅಂತ ಪ್ರೋಗ್ರಾಮಿನ ಹಿತ್ತಲಲ್ಲಿ ಇವನು ನಾಲ್ಕು ಆಳು ಇಟ್ಟಿದ್ದಾನೆ. ಅಕ್ಕ ಒಂದು ಕೆಲಸ ಹೇಳಿದರೆ ಬಿಡುವಾಗಿರುವ ಆಳು ಅದನ್ನು ಎತ್ತಿಕೊಂಡು ಓಡುತ್ತದೆ. ಎಲ್ಲರ ಕೈಯಲ್ಲೂ ಕೆಲಸವಿದ್ದರೆ ಹೊಸ ಕೆಲಸ ಕಾಯಲು ಒಂದು ಚಿಕ್ಕ ಜಗಲಿ ಇದೆ. ಆವತ್ತು ಹಾಳೆ ಮುಗಿದಿತ್ತಲ್ಲ, ನಾಲ್ಕೂ ಆಳುಗಳು ಒಂದೊಂದು ಮಗುವಿನ ಮುಖ ಹಿಡಿದುಕೊಂಡು ಪ್ರಿಂಟರ್ ಮುಂದೆ ಸುಮ್ಮನೆ ನಿಂತಿದ್ದವು. ಜಗಲಿಯೂ ಮಕ್ಕಳ ಮುಖಗಳಿಂದ ತುಂಬಿಹೋಗಿತ್ತು. ಆಗ ಬಂತು ಆಸ್ಪತ್ರೆಯ ಆರ್ಡರ್. ಹೊರಲು ಆಳಿಲ್ಲ, ಕೂರಲು ಜಾಗವಿಲ್ಲ.

“ಹಾಗಾದಾಗ ಅದು ಕೂಗುತ್ತೆ ಭಾವ. ಎಕ್ಸೆಪ್ಶನ್ ಅಂತೀವಿ. ಆಳು ಸಿಗ್ತಿಲ್ಲ, ಈ ಕೆಲಸ ನನ್ನ ಕೈಲಾಗಲ್ಲ ಅಂತ.”

“ಕೂಗಿದ್ರೆ ನಮಗೆ ಕೇಳಿಸ್ಬೇಕಲ್ಲ?”

“ಕೂಗಿದ್ದನ್ನ ಹಿಡ್ಕೊಳ್ಳೋಕೆ ಒಂದು ಜಾಗ ಇರುತ್ತೆ. ಅಲ್ಲಿ ಏನು ಮಾಡ್ಬೇಕು ಅಂತ ನಾನು ಬರೀಬೇಕಿತ್ತು.”

“ಏನು ಬರೆದಿದ್ದೀಯ?”

ಅವನು ಲ್ಯಾಪ್‌ಟಾಪಿನ ಪರದೆಯನ್ನು ನನ್ನ ಕಡೆ ತಿರುಗಿಸಿದ. ಸುತ್ತ ಏನೇನೋ ಗೀಚು ಇಂಗ್ಲಿಷ್. ಮಧ್ಯೆ ಖಾಲಿ ಜಾಗ, ಖಾಲಿ ಜಾಗದಲ್ಲಿ ಕನ್ನಡದಲ್ಲಿ ಎರಡೇ ಪದ: ‘ಆಮೇಲೆ ನೋಡೋಣ’. ಅದರ ಕೆಳಗಿನ ಸಾಲಿನಲ್ಲಿ, ಏನೇ ಆಗಿರಲಿ, ಅಕ್ಕನ ಪರದೆಗೆ ‘ಆಯ್ತು’ ಕಳಿಸುವ ಏರ್ಪಾಟು.

ನನಗೆ ನಗು ತಡೆಯಲಾಗಲಿಲ್ಲ. “ಇದು ನೀನೇ ಬರೆದದ್ದು ಅನ್ನೋಕೆ ಬೇರೆ ರುಜು ಬೇಡ ಬಿಡು ಮಾರಾಯ. ಆ ಮೇಡಂ ಒಂದು ಸಲ ಹೊಟ್ಟೆಗೆ ಹಾಕ್ಕೊಂಡ್ರು. ನಿನ್ನ ಪ್ರೋಗ್ರಾಮ್ ಬಂದ ದಿನದಿಂದ ಎಲ್ಲ ಕೂಗನ್ನೂ ಹೊಟ್ಟೆಗೆ ಹಾಕ್ಕೋತಾನೇ ಇದೆ!”

ಅವನೂ ನಗಲು ನೋಡಿದ, ಆಗಲಿಲ್ಲ. ನನ್ನವಳು ನಗಲೇ ಇಲ್ಲ. ಅವಳಿಗೆ ಬೇರೆಯದೇ ಒಂದು ವಿಷಯ ಹೊಳೆದಿತ್ತು.

“ಅಲ್ಲ ಕಣೋ, ಆಯ್ತು ಅಂದ್ರೆ ಒಳಗೆ ಮುಟ್ಟಿ ಆಯ್ತು ಅಂತ ನಾನು ತಿಳ್ಕೊಂಡಿದ್ದೀನಿ.”

“ನಾನು ಬರೆದದ್ದು ‘ಸರಿ’ ಅನ್ನೋ ಅರ್ಥದಲ್ಲಿ ಅಕ್ಕ. ಆಯ್ತು, ಕಳಿಸ್ತೀನಿ ಅಂತ.”

ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಒಂದೇ ತಾಯಿಯ ಮಕ್ಕಳು, ಒಂದೇ ಭಾಷೆ. ಕೆಲಸ ಒಪ್ಪಿಕೊಂಡರೂ ನಾವು ಆಯ್ತು ಅನ್ನುತ್ತೇವೆ, ಮಾಡಿ ಮುಗಿಸಿದರೂ ಆಯ್ತು ಅನ್ನುತ್ತೇವೆ. ಹೇಳುವವನು ಒಂದನ್ನು ಹೇಳಿದ, ಕೇಳುವವಳು ಇನ್ನೊಂದನ್ನು ಕೇಳಿಸಿಕೊಂಡಳು. ನಾನಂತೂ ವಾರವಿಡೀ ಗೋಡೆ ನೋಡಿಕೊಂಡು ಬಡಿಸಿದ ಪಲ್ಯ ತಿಂದಿದ್ದೆ, ಈಗ ಯಾರ ಮೇಲೆ ರೇಗಬೇಕು ಅಂತಲೇ ಗೊತ್ತಾಗಲಿಲ್ಲ.

ರಿಪೇರಿಗೆ ಕೂತೆವು. ಕೂತೆವು ಅಂದರೆ ಅವನು ಕೂತ, ನಾನು ತಲೆ ತಿಂದೆ. ಆಳು ಜಾಸ್ತಿ ಮಾಡು ಅಂದೆ.

“ಎಷ್ಟು ಆಳಿಟ್ರೂ ಅಷ್ಟೂ ಹೋಗಿ ಪ್ರಿಂಟರ್ ಮುಂದೆ ನಿಲ್ತವೆ ಭಾವ. ಈ ಹಳೇ ಕಂಪ್ಯೂಟರ್ ಅಷ್ಟು ಜನಕ್ಕೆ ಅನ್ನ ಹಾಕಲ್ಲ.”

“ಮತ್ತೆ?”

“ಮೊದಲು, ಪ್ರಿಂಟರ್ ಮುಂದೆ ಸ್ವಲ್ಪ ಹೊತ್ತು ಕಾದು ಆಗ್ಲಿಲ್ಲ ಅಂದ್ರೆ ವಾಪಸ್ ಬಾ ಅಂತ ಹೇಳ್ತೀನಿ. ಆಮೇಲೆ, ಆಳು ಸಿಗದೇ ಇದ್ರೆ ಫೋಟೋನ ತಗೊಳ್ಳೋದೇ ಬೇಡ, ಈಗ ಆಗಲ್ಲ ಅಂತ ನೇರವಾಗಿ ಹೇಳಿಬಿಡೋದು. ಆದ್ರೆ ಬ್ರೆಡ್ ಆರ್ಡರಿಗೆ ಹಾಗೆ ಹೇಳೋಕಾಗಲ್ಲ. ಅದನ್ನ ಕೌಂಟರಿನ ಪರದೆಯೇ ತಾನಾಗಿ ಎತ್ಕೊಂಡು ಒಳಗೆ ತಂದಿಡಬೇಕು.”

“ಅಂದ್ರೆ ಆಳು ಬರ್ಲಿಲ್ಲ ಅಂದ್ರೆ ಯಜಮಾನ್ತಿನೇ ಮೂಟೆ ಹೊರ್ಬೇಕು.”

“ಹ್ಞಾ, ಅದೇ! ಅಷ್ಟು ಹೊತ್ತು ಅಕ್ಕನ ಪರದೆ ಅಲ್ಲಾಡಲ್ಲ. ಹೊಸ ಆರ್ಡರ್ ತಗೊಳ್ಳೋಕಾಗಲ್ಲ.”

“ನನ್ನ ಗಿರಾಕಿಗಳು?” ಅಂತ ಅಕ್ಕ ಸೊಂಟಕ್ಕೆ ಕೈಯಿಟ್ಟಳು.

“ಕಾಯ್ತಾರೆ. ಒಳಗೆ ಯಾರೂ ಬಿಡುವಾಗಿಲ್ಲ ಅಂದ್ಮೇಲೆ ಹೊರಗಿಂದ ಇನ್ನಷ್ಟು ತುಂಬ್ಕೊಂಡು ಏನು ಮಾಡ್ತೀಯ?”

ಇದನ್ನು ಹೇಳಿದ್ದು ನನ್ನ ಭಾವಮೈದ. ನನಗೆ ನನ್ನ ಕಿವಿಯ ಮೇಲೇ ನಂಬಿಕೆ ಬರಲಿಲ್ಲ. ಅದೇ ಹೊತ್ತಿಗೆ ಅವನ ಫೋನು ಬಡಿದುಕೊಂಡಿತು. ಮ್ಯಾನೇಜರ್. ಇವನು ಫೋನೆತ್ತಿ, “ಆಯ್ತು ಸರ್. ಆಯ್ತು. ಅದೂ ಆಯ್ತು” ಅಂದು ಇಟ್ಟ. ಮನುಷ್ಯ ಒಂದೇ ಮಧ್ಯಾಹ್ನದಲ್ಲಿ ಎಷ್ಟು ಬದಲಾಗಲು ಸಾಧ್ಯ?

ಪದದ ವಿಷಯಕ್ಕೂ ಅಕ್ಕ ತಮ್ಮ ಕಿತ್ತಾಡಿದರು. ಅವಳಿಗೆ ‘ಆಯ್ತು’ ಬಿಡಲು ಮನಸ್ಸಿಲ್ಲ, ಅದನ್ನು ನೋಡಿದರೆ ಜೀವಕ್ಕೆ ಹಾಯಾಗುತ್ತದಂತೆ. ಕೊನೆಗೆ ಒಪ್ಪಂದವಾಯಿತು. ಒತ್ತಿದ ಕೂಡಲೇ ‘ತಗೊಂಡೆ’ ಅಂತ ಬರಬೇಕು. ನಾನು ಒಳಗೆ ಆರ್ಡರ್ ನೋಡಿ ನನ್ನ ಪರದೆಯನ್ನು ಮುಟ್ಟಿದ ಮೇಲೆ ಮಾತ್ರ ‘ಆಯ್ತು’. ಆಳೂ ಇಲ್ಲದೆ, ಕೌಂಟರಿನ ಕೈಯಲ್ಲೂ ಆಗದೆ ಹೋದರೆ ಪರದೆ ಪೂರ್ತಿ ಕೆಂಪಾಗಿ ‘ಆಗ್ಲಿಲ್ಲ, ಬಾಗಿಲಿಗೆ ಹೋಗಿ ಕೂಗಿ’ ಅಂತ ಬರಬೇಕು. ಈ ಕೊನೆಯ ವಾಕ್ಯ ನನ್ನ ಕೊಡುಗೆ.

ಪರೀಕ್ಷೆ ಮಾಡಲು ಭಾವಮೈದ ಬೇಕೆಂದೇ ಪ್ರಿಂಟರಿನ ಹಾಳೆ ತೆಗೆದು, ಕೈಗೆ ಸಿಕ್ಕ ಒಂದು ಫೋಟೋವನ್ನು ಮೇಲಿಂದ ಮೇಲೆ ಕಳಿಸಿದ. ಸಿಕ್ಕದ್ದು ನನ್ನ ಫೋಟೋ. ಆಳುಗಳೆಲ್ಲ ನನ್ನ ಮುಖ ಹಿಡಿದು ಸಾಲಾಗಿ ನಿಂತ ಮೇಲೆ ಅಕ್ಕ ಬ್ರೆಡ್ ಆರ್ಡರ್ ಒತ್ತಿದಳು. ಅವಳ ಪರದೆ ಉಸಿರು ಕಟ್ಟಿಕೊಂಡಂತೆ ನಿಂತಿತು, ಆಮೇಲೆ ಒಳಗೆ ನನ್ನ ಪರದೆಯಲ್ಲಿ ಆರ್ಡರ್ ಮೂಡಿತು. ನಾವು ಮೂವರೂ ಮಕ್ಕಳ ಹಾಗೆ ಚಪ್ಪಾಳೆ ತಟ್ಟಿದೆವು. ಹಾಳೆ ವಾಪಸ್ ಹಾಕಿದ್ದೇ ತಡ, ಜಗಲಿಯಲ್ಲಿ ಕಾದಿದ್ದ ನನ್ನ ಮುಖಗಳು ಒಂದರ ಹಿಂದೊಂದು ಬರತೊಡಗಿದವು. ದಂಡವಾಗಬಾರದು ಅಂತ ನನ್ನವಳು ಅಷ್ಟನ್ನೂ ಕೇಕಿಗೆ ಅಂಟಿಸಿ ಓಣಿಯ ಮಕ್ಕಳಿಗೆ ಹಂಚಿದಳು. ಒಂದು ಮಗು ನನ್ನ ಮೂಗು ಮೊದಲು ತಿಂದಿತು.

ಅಸಲು ಪರೀಕ್ಷೆ ಆಮೇಲೆ ಬಂತು. ತಿಂಗಳ ನಡುವೆ ಒಂದು ಬೆಳಿಗ್ಗೆ ಯಾವುದೋ ಕಂಪನಿಯವರು ತಮ್ಮ ನೌಕರರೆಲ್ಲರ ಫೋಟೋ ತಂದು ಸುರಿದರು. ಪ್ರಿಂಟರ್ ಮುಷ್ಕರ ಹೂಡಿತು. ಮುಂದೆ ಗಲಾಟೆಯೋ ಗಲಾಟೆ. ನಾನು ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದೆ.

“ಏನಮ್ಮಾ, ಎಷ್ಟು ಹೊತ್ತು?”

“ತಾಳಿ ಸ್ವಾಮಿ, ಪರದೆ ಅಲ್ಲಾಡ್ತಿಲ್ಲ. ನಮ್ಮ ತಮ್ಮನ ಕೈಗುಣ ಇದು. ಬರ್ಲಿ, ಕಿವಿ ಹಿಂಡ್ತೀನಿ!”

ಸಾಲು ಬಾಗಿಲು ದಾಟಿ ರಸ್ತೆಗೆ ಹೋಯಿತು. ಎದುರಿನ ದೊಡ್ಡ ಅಂಗಡಿಯವರು ಗಾಜಿನ ಹಿಂದಿನಿಂದ ಇಣುಕಿ ನೋಡಿದರಂತೆ, ಈ ಬೇಕರಿಗೆ ಇದ್ದಕ್ಕಿದ್ದಂತೆ ಏನು ಬಂತಪ್ಪ ಅದೃಷ್ಟ ಅಂತ. ಅವಳು ಅಲ್ಲಿ ನನ್ನ ಭಾವಮೈದನ ಜನ್ಮ ಜಾಲಾಡುತ್ತಿದ್ದಾಗ ಇಲ್ಲಿ ನನ್ನ ಗೋಡೆಯ ಮೇಲೆ ಮೂಡಿತು: ಆಸ್ಪತ್ರೆ, ಉಪ್ಪಿಲ್ಲದ ಬ್ರೆಡ್. ಮುಟ್ಟಿದೆ. ಹೊರಗೆ ಅವಳ ಬೈಗುಳ ಅರ್ಧಕ್ಕೇ ನಿಂತಿತು. ‘ಆಯ್ತು’ ಬಂದಿರಬೇಕು. ವ್ಯಾನು ಬರುವ ಹೊತ್ತಿಗೆ ಬ್ರೆಡ್ಡು ಆರಿ, ಕಾಗದ ಸುತ್ತಿಕೊಂಡು, ತಟ್ಟೆಯಲ್ಲಿ ಕೂತಿತ್ತು.

ತಿಂಗಳು ಮುಗಿಯುವ ದಿನ ಶನಿವಾರ. ಭಾವಮೈದನಿಗೆ ರಜೆ. ಪ್ರೋಗ್ರಾಮ್ ಹೇಗೆ ನಡೆಯುತ್ತಿದೆ ನೋಡುತ್ತೇನೆ ಅಂತ ಬಂದವನನ್ನು ಅಕ್ಕ ಕೌಂಟರಿನಲ್ಲಿ ಕೂರಿಸಿ, ತಾನು ಒಳಗೆ ಬಂದು ನನ್ನ ಜೊತೆ ಬ್ರೆಡ್ ಅಚ್ಚುಗಳಿಗೆ ಎಣ್ಣೆ ಸವರುತ್ತಿದ್ದಳು. ಆಗ ಆಸ್ಪತ್ರೆಯ ಮೇಡಂ ಖುದ್ದಾಗಿ ಬಂದರು. ಕೈಯಲ್ಲಿ ಚೀಲ, ಕಣ್ಣಲ್ಲಿ ನಿದ್ದೆಗೆಟ್ಟ ದಣಿವು. ನಾವಿಬ್ಬರೂ ಇಕ್ಕಟ್ಟು ಬಾಗಿಲಿಗೆ ಒಟ್ಟಿಗೇ ನುಗ್ಗಿ ಸಿಕ್ಕಿಹಾಕಿಕೊಂಡೆವು.

“ನಮ್ಮ ಇನ್ನೊಂದು ಕಟ್ಟಡಕ್ಕೆ ಬ್ರೆಡ್ ಕೊಡ್ತಿದ್ದವರು ಕೈ ಕೊಟ್ರು,” ಅಂದರು ಮೇಡಂ ಅವನಿಗೆ. “ನಾಳೆಯಿಂದ ಅದಕ್ಕೂ ನೀವೇ ಕೊಡ್ತೀರಾ? ಈಗಿನಷ್ಟೇ ಇನ್ನೊಂದು ಪಾಲು.”

ನನ್ನ ಪಕ್ಕದಲ್ಲಿ ನನ್ನ ಹೆಂಡತಿ ಜೋರಾಗಿ ತಲೆಯಾಡಿಸುತ್ತಿದ್ದಳು, ಹ್ಞೂ ಅನ್ನು, ಹ್ಞೂ ಅನ್ನು ಅಂತ. ಒಲೆ ಒಂದೇ. ಬೆಳಗಿನಿಂದ ಮಧ್ಯಾಹ್ನದವರೆಗೆ ಅದರಲ್ಲಿ ಒಂದು ಬನ್ನಿಗೂ ಜಾಗವಿಲ್ಲ ಅಂತ ನನಗೆ ಗೊತ್ತು, ಅವಳಿಗೂ ಗೊತ್ತು. ಆದರೆ ಆವತ್ತೇ ಕಾಯಂ ಆಗುವುದೋ ಬಿಡುವುದೋ ತೀರ್ಮಾನವಾಗಬೇಕು. ಅಂಥ ಹೊತ್ತಿನಲ್ಲಿ ಇಲ್ಲ ಅನ್ನುವ ಧೈರ್ಯ ಯಾರಿಗಿರುತ್ತದೆ? ನಿಜ ಹೇಳುತ್ತೇನೆ, ನಾನಾಗಿದ್ದರೂ ಒಪ್ಪಿಬಿಡುತ್ತಿದ್ದೆ.

ಭಾವಮೈದ ಅಕ್ಕನ ಮುಖ ನೋಡಿದ. ಪರದೆ ನೋಡಿದ.

“ಆಗಲ್ಲ ಮೇಡಂ,” ಅಂದ.

ನನ್ನ ಹೆಂಡತಿ ನನ್ನ ತೋಳು ಹಿಡಿದುಕೊಂಡಳು. ಉಗುರು ನಾಟಿತು.

“ನಾಳೆಯಿಂದ ಆಗಲ್ಲ. ಒಲೆ ತುಂಬಿದೆ, ಕೈ ಖಾಲಿ ಇಲ್ಲ. ಒಪ್ಕೊಂಡ್ರೆ ಈಗ ಕೊಡ್ತಿರೋದೂ ಹಾಳಾಗುತ್ತೆ. ಸಂಜೆ ಹೊತ್ತು ಒಲೆ ಬಿಡುವಾಗಿರುತ್ತೆ, ಆಗ ತಗೊಳ್ಳೋ ಹಾಗಿದ್ರೆ ಅಕ್ಕನ್ನ ಕೇಳಿ ಹೇಳ್ತೀನಿ.”

ಮೇಡಂ ಚೀಲವನ್ನು ಕೌಂಟರಿನ ಮೇಲಿಟ್ಟರು.

“ಕೈ ಕೊಟ್ಟವರೂ ಹೀಗೇ ಹೇಳಿದ್ದಿದ್ರೆ ಎಷ್ಟೋ ಚೆನ್ನಾಗಿತ್ತು,” ಅಂದರು. “ಹಿಂದಿನ ದಿನವೇ ಆಗಲ್ಲ ಅಂದ್ರೆ ನಾನು ಬೇರೆ ಕಡೆಯಿಂದ ತರಿಸ್ಕೋತೀನಿ. ಊಟದ ಹೊತ್ತಿಗೆ ಗೊತ್ತಾದ್ರೆ ಮಲಗಿರೋವ್ರಿಗೆ ಏನು ಕೊಡ್ಲಿ ಹೇಳಿ? ಆ ಕಟ್ಟಡದ್ದು ಬಿಡಿ, ನಾನು ನೋಡ್ಕೋತೀನಿ. ಈಗ ಕೊಡ್ತಿರೋದು ನಾಳೆಯೂ ಕಳಿಸಿ, ನಾಳಿದ್ದೂ ಕಳಿಸಿ. ಬೇಡ ಅಂತ ನಾನೇ ಹೇಳೋವರೆಗೂ ಕಳಿಸ್ತಾ ಇರಿ.”

ಅವರು ಹೋಗುವಾಗ ಎರಡು ಬನ್ನು ಕೊಂಡುಕೊಂಡರು. ಒಂದನ್ನು ಬಾಗಿಲಲ್ಲೇ ತಿನ್ನುತ್ತಾ ನಡೆದರು.

ನನ್ನವಳು ಹೊರಗೆ ಬಂದು ಸ್ಟೂಲಿನ ಮೇಲೆ ಕುಸಿದಳು. ಒಂದು ಕಡೆ ನಗು, ಒಂದು ಕಡೆ ಕಣ್ಣೀರು, ಎಣ್ಣೆಗೈಯಲ್ಲೇ ಒರೆಸಿಕೊಂಡು ಮುಖವೆಲ್ಲ ಮಿರಮಿರ.

“ಹುಟ್ಟಿದಾಗಿಂದ ಯಾರಿಗೂ ಆಗಲ್ಲ ಅಂದವನಲ್ಲ,” ಅಂದಳು ತಮ್ಮನಿಗೆ. “ಅದನ್ನ ಕಲಿಯೋಕೆ ನನ್ನ ಅಂಗಡಿನೇ ಬೇಕಿತ್ತೇನೋ ನಿಂಗೆ?”

ಅವನ ಕೈ ಇನ್ನೂ ಕೌಂಟರಿನ ಅಂಚನ್ನು ಬಿಟ್ಟಿರಲಿಲ್ಲ. ನಾನು ಹೋಗಿ ಆ ಕೈಯನ್ನು ಹಿಡಿದುಕೊಂಡೆ. ಇಷ್ಟು ವರ್ಷ ಅವನನ್ನು ರೇಗಿಸಿಕೊಂಡೇ ಬಂದವನು ನಾನು, ಆವತ್ತು ಬಾಯಿಗೆ ಒಂದು ತಮಾಷೆಯೂ ಬರಲಿಲ್ಲ.